ನಾಯಿಯ ತುರಿಕೆ: ಅಲರ್ಜಿ ಅನ್ನುವ ಮೊದಲು ನೋಡಬೇಕಾದದ್ದು



ಶಾಲೆ ತೆರೆದು ಎರಡು ವಾರ ಆಗಿತ್ತು. ಕುಂಜತ್ತೂರಿನಲ್ಲಿ ಮಳೆ ಹಿಡಿದುಕೊಂಡಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿ ಬಂದು ನನ್ನ ಮೇಜಿನ ಹತ್ತಿರ ನಿಂತಳು. "ಟೀಚರ್, ಅಲರ್ಜಿಗೆ ಮದ್ದು ಉಂಟಾ?" ಅಂತ ಕೇಳಿದಳು. "ಯಾರಿಗೆ?" ಅಂದೆ. "ನಮ್ಮ ಬೊಳ್ಳುವಿಗೆ" ಅಂದಳು.

ಬೊಳ್ಳು ಅವರ ಮನೆಯ ನಾಯಿ. ಹೆಸರಿಗೆ ತಕ್ಕ ಹಾಗೆ ಬಿಳಿ ಬಣ್ಣ. ಎರಡು ತಿಂಗಳಿಂದ ಅದು ರಾತ್ರಿ ಹಗಲು ಕೆರೆದುಕೊಳ್ಳುತ್ತಿತ್ತಂತೆ. ಬೆನ್ನಿನ ಹಿಂಭಾಗದ ಕೂದಲು ಉದುರಿ ಚರ್ಮ ಕೆಂಪಗೆ ಕಾಣುತ್ತಿತ್ತು, ಅಲ್ಲಲ್ಲಿ ಹುಣ್ಣಾಗಿತ್ತು. ನೆರೆಯವರೊಬ್ಬರು ಅದಕ್ಕೆ ಮೀನಿನ ಅಲರ್ಜಿ ಅಂದರು. ಮನೆಯವರು ಬೂತಾಯಿ, ಬಂಗುಡೆ ಎಲ್ಲ ನಿಲ್ಲಿಸಿ ಒಂದು ತಿಂಗಳು ಬರೀ ಗಂಜಿ ಹಾಕಿದರು. ನಾಯಿ ಸೊರಗಿತು, ತುರಿಕೆ ಮಾತ್ರ ನಿಲ್ಲಲಿಲ್ಲ. ಇನ್ನೊಬ್ಬರು ವರ್ಕ್‌ಶಾಪಿನ ಕರಿ ಆಯಿಲ್ ಹಚ್ಚಿ ಅಂದರು. ಮನೆಯಲ್ಲಿ ಒಂದು ಸಣ್ಣ ಮಗು ಬೇರೆ ಉಂಟು. "ನಾಳೆ ಆದಿತ್ಯವಾರ ಅಪ್ಪ ಅದನ್ನು ತಲಪಾಡಿ ದಾಟಿಸಿ ಬಿಟ್ಟು ಬರ್ತಾರಂತೆ ಟೀಚರ್" ಅಂತ ಹೇಳುವಾಗ ಹುಡುಗಿಯ ಕಣ್ಣು ತುಂಬಿತ್ತು.

ಆ ಅಪ್ಪನನ್ನು ಬೈಯುವ ಮನಸ್ಸು ನನಗೆ ಬರಲಿಲ್ಲ. ಮಗುವಿಗೆ ರೋಗ ತಗಲಬಹುದು ಅನ್ನುವ ಹೆದರಿಕೆ ಯಾರಿಗಾದರೂ ಇರುವುದೇ. ಆದರೆ ಎಲ್ಲರೂ ಉತ್ತರ ಹೇಳುತ್ತಿದ್ದರು, ಒಬ್ಬರೂ ಪ್ರಶ್ನೆ ಕೇಳಿರಲಿಲ್ಲ. ನಾವು ವಿಜ್ಞಾನ ಕಲಿಯುವವರು. ಹಾಗಾಗಿ ಪ್ರಶ್ನೆಯಿಂದಲೇ ಶುರು ಮಾಡೋಣ.

ತುರಿಕೆ ರೋಗವಲ್ಲ, ಲಕ್ಷಣ

ಜ್ವರ ಬಂದರೆ ಡಾಕ್ಟರು "ನಿಮಗೆ ಜ್ವರ ಎಂಬ ರೋಗ" ಅಂತ ಹೇಳುವುದಿಲ್ಲ. ಜ್ವರಕ್ಕೆ ಕಾರಣ ಹುಡುಕುತ್ತಾರೆ. ಮಲೇರಿಯವೋ, ಇಲಿಜ್ವರವೋ, ಬರೀ ಶೀತವೋ ಅಂತ ನೋಡುತ್ತಾರೆ. ತುರಿಕೆಯೂ ಹಾಗೆಯೇ. ಅದು ಒಂದು ಲಕ್ಷಣ. ಅದರ ಹಿಂದೆ ಹತ್ತಾರು ಕಾರಣಗಳಿರಬಹುದು.

ಚರ್ಮದಲ್ಲಿ ನರಗಳ ತುದಿಗಳಿವೆ. ಏನಾದರೂ ಕಚ್ಚಿದಾಗ, ಉರಿ ಹತ್ತಿದಾಗ, ಸೋಂಕು ಆದಾಗ ಚರ್ಮದ ಜೀವಕೋಶಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವು ನರದ ತುದಿಗೆ ತಾಗಿದರೆ ಮೆದುಳಿಗೆ ಸುದ್ದಿ ಹೋಗುತ್ತದೆ. ಮೆದುಳು ಕೆರೆ ಅನ್ನುತ್ತದೆ. ನಾಯಿಗೆ ಕೆರೆಯಲು ಉಗುರು ಉಂಟು, ಕಚ್ಚಲು ಹಲ್ಲು ಉಂಟು, ನೆಕ್ಕಲು ನಾಲಿಗೆ ಉಂಟು. ಕೆರೆದಲ್ಲಿ ಚರ್ಮ ಹರಿಯುತ್ತದೆ. ಹರಿದ ಜಾಗಕ್ಕೆ ಬ್ಯಾಕ್ಟೀರಿಯ ನುಗ್ಗುತ್ತದೆ. ಸೋಂಕು ಆದ ಕೂಡಲೇ ತುರಿಕೆ ಇನ್ನೂ ಹೆಚ್ಚುತ್ತದೆ, ನಾಯಿ ಇನ್ನೂ ಕೆರೆಯುತ್ತದೆ. ಇದು ಒಂದು ಚಕ್ರ. ಮೊದಲ ಕಾರಣ ಸಣ್ಣದಾಗಿದ್ದರೂ ಕೊನೆಗೆ ಕಾಣುವ ಹುಣ್ಣು ದೊಡ್ಡದಾಗಿರುವುದು ಇದರಿಂದಲೇ.

ನಾಯಿಯ ಮೈಮೇಲೆ ದಪ್ಪ ಕೂದಲಿದ್ದರೂ ಅದರ ಹೊರಚರ್ಮ ನಮ್ಮದಕ್ಕಿಂತ ತೆಳು. ನಾವು ಸ್ನಾನಕ್ಕೆ ಬಳಸುವ ಸಾಬೂನು, ಬಟ್ಟೆ ಒಗೆಯುವ ಸಾಬೂನು ಅದಕ್ಕೆ ಖಾರವಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಶುವೈದ್ಯರು ಕಾರಣ ಹುಡುಕುವಾಗ ಒಂದು ಕ್ರಮ ಇಟ್ಟುಕೊಳ್ಳುತ್ತಾರೆ. ಹೆಚ್ಚಾಗಿ ಕಾಣುವ, ಸುಲಭವಾಗಿ ಪರೀಕ್ಷಿಸಬಹುದಾದ ಕಾರಣವನ್ನು ಮೊದಲು ನೋಡುತ್ತಾರೆ. ಅಪರೂಪದ್ದನ್ನು, ಪತ್ತೆಗೆ ತಿಂಗಳುಗಟ್ಟಲೆ ಬೇಕಾದದ್ದನ್ನು ಕೊನೆಗೆ ಇಡುತ್ತಾರೆ. ನಾವೂ ಅದೇ ದಾರಿಯಲ್ಲಿ ಹೋಗೋಣ.

ಮೊದಲ ಪ್ರಶ್ನೆ: ಯಾರಾದರೂ ಕಚ್ಚುತ್ತಿದ್ದಾರೆಯೇ?

ನಾಯಿಯ ಮೈಮೇಲೆ ಬದುಕುವ ಮೂರು ಬಗೆಯ ಜೀವಿಗಳನ್ನು ಪರಿಚಯ ಮಾಡಿಕೊಳ್ಳಿ.

ಚಿಗಟ: ಇದು ಕೀಟ, ಆರು ಕಾಲು. ರೆಕ್ಕೆ ಇಲ್ಲ, ಆದರೆ ಹಾರಿ ನೆಗೆಯುತ್ತದೆ. ಮೈ ಎರಡೂ ಬದಿಯಿಂದ ಚಪ್ಪಟೆ, ಹಾಗಾಗಿ ಕೂದಲ ನಡುವೆ ಸಲೀಸಾಗಿ ಓಡುತ್ತದೆ. ನಾಯಿಯಲ್ಲಿ ಹೆಚ್ಚಾಗಿ ಕಾಣುವ ಚಿಗಟದ ಹೆಸರು "ಬೆಕ್ಕಿನ ಚಿಗಟ" ಅಂತ, ತಮಾಷೆ ನೋಡಿ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆಗಳನ್ನು ಇಡಬಲ್ಲದು. ಮೊಟ್ಟೆ ನುಣುಪು, ಕೂದಲಿಗೆ ಅಂಟುವುದಿಲ್ಲ, ಕೆಳಗೆ ಉದುರುತ್ತದೆ. ನಾಯಿ ಮಲಗುವ ಗೋಣಿ, ಜಗಲಿಯ ಮೂಲೆ, ಸೌದೆ ರಾಶಿಯ ಅಡಿ, ಇಲ್ಲೆಲ್ಲ ಮರಿಹುಳು ಬೆಳೆದು ಕೋಶ ಕಟ್ಟಿಕೊಳ್ಳುತ್ತದೆ. ಚಿಗಟ ಇರುವ ಮನೆಯಲ್ಲಿ ನಾಯಿಯ ಮೈಮೇಲೆ ಕಾಣುವ ದೊಡ್ಡ ಚಿಗಟಗಳು ಒಟ್ಟು ಸಂಖ್ಯೆಯ ಬರೀ ನೂರಕ್ಕೆ 5ರಷ್ಟು. ಉಳಿದ 95ರಷ್ಟು ಮೊಟ್ಟೆ, ಮರಿಹುಳು, ಕೋಶಗಳ ರೂಪದಲ್ಲಿ ನೆಲದಲ್ಲಿರುತ್ತವೆ. ಗಾಳಿಯಲ್ಲಿ ತೇವ ಇದ್ದರೆ ಮರಿಹುಳುಗಳಿಗೆ ಸುಖ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ, ಪಕ್ಕದಲ್ಲೇ ಕಡಲು ಇರುವ ನಮ್ಮ ಕಾಸರಗೋಡಿಗಿಂತ ಒಳ್ಳೆಯ ಜಾಗ ಅವುಗಳಿಗೆ ಎಲ್ಲಿ ಸಿಗಬೇಕು?

ಉಣ್ಣಿ: ಉಣುಗು ಅಂತಲೂ ಹೇಳುತ್ತಾರೆ. ಇದು ಕೀಟ ಅಲ್ಲ, ಜೇಡದ ನೆಂಟ. ಮರಿಗೆ ಆರು ಕಾಲು, ದೊಡ್ಡದಕ್ಕೆ ಎಂಟು. ರಕ್ತ ಕುಡಿದ ಹೆಣ್ಣು ಉಣ್ಣಿ ನಾಯಿಯ ಮೈಯಿಂದ ಕೆಳಗಿಳಿದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಮ್ಮಲ್ಲಿ ನಾಯಿಗಳ ಮೇಲೆ ಕಾಣುವ ಕಂದು ಉಣ್ಣಿಗೆ ಗೋಡೆ ಹತ್ತುವ ಅಭ್ಯಾಸ. ಗಾರೆ ಮಾಡದ ಕೆಂಪುಕಲ್ಲಿನ ಗೋಡೆಯಲ್ಲಿ ತೂತುಗಳಿರುತ್ತವಲ್ಲ, ಅವು ಅದಕ್ಕೆ ಒಳ್ಳೆಯ ಮನೆ. ಉಣ್ಣಿ ಕಚ್ಚಿದಲ್ಲಿ ಗಂಟು ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಅದು ಎರ್ಲಿಕಿಯ, ಬಬೇಸಿಯ ಎಂಬ ರೋಗಾಣುಗಳನ್ನು ನಾಯಿಯ ರಕ್ತಕ್ಕೆ ದಾಟಿಸುತ್ತದೆ. ನಾಯಿಗೆ ಜ್ವರ ಬಂದು, ಊಟ ಬಿಟ್ಟು, ವಸಡು ಬಿಳಿಚಿದರೆ ತಡ ಮಾಡಲೇಬಾರದು.

ನುಸಿ: ಇದೂ ಜೇಡದ ಕುಲ, ಆದರೆ ಕಣ್ಣಿಗೆ ಕಾಣುವುದಿಲ್ಲ. ಕಜ್ಜಿಯ ನುಸಿ ಚರ್ಮದೊಳಗೆ ಸುರಂಗ ಕೊರೆಯುತ್ತದೆ. ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಕೆಳಭಾಗದಲ್ಲಿ ಭಯಂಕರ ತುರಿಕೆ. ಮನುಷ್ಯರ ಕಜ್ಜಿಗೂ ಇಂತಹದೇ ನುಸಿ ಕಾರಣ ಅಂತ 1687ರಲ್ಲೇ ಇಟಲಿಯ ವೈದ್ಯ ಬೊನೊಮೊ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿದ್ದ. ನಾಯಿಯ ಕಜ್ಜಿ ಇನ್ನೊಂದು ನಾಯಿಗೆ ಬೇಗ ಹರಡುತ್ತದೆ. ಮುಟ್ಟಿದ ಮನುಷ್ಯರಿಗೂ ಕೆಲವು ದಿನ ಕೆಂಪು ಗುಳ್ಳೆ, ತುರಿಕೆ ಬರಬಹುದು. ಇನ್ನೊಂದು ನುಸಿ ಕೂದಲ ಬುಡದಲ್ಲಿ ಇರುತ್ತದೆ, ಡೆಮೊಡೆಕ್ಸ್ ಅಂತ ಹೆಸರು. ಅದು ಮರಿಗಳಲ್ಲಿ ಕಣ್ಣು, ಬಾಯಿಯ ಸುತ್ತ ಕೂದಲು ಉದುರಿಸುತ್ತದೆ, ಆದರೆ ಆರಂಭದಲ್ಲಿ ತುರಿಕೆ ಕಡಿಮೆ. ಅದು ಮನುಷ್ಯರಿಗೆ ಹರಡುವುದಿಲ್ಲ. ಇವೆರಡನ್ನು ಬೇರೆ ಮಾಡಿ ಹೇಳಲು ಪಶುವೈದ್ಯರು ಚರ್ಮವನ್ನು ಸ್ವಲ್ಪ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬರಿಗಣ್ಣಿನಿಂದ ನೋಡಿ ಹೇಳಲಾಗದು.

ಮಾಡಿ ನೋಡಿ: ಬಿಳಿ ಕಾಗದದ ಪರೀಕ್ಷೆ

ನಿಮ್ಮ ಮನೆಯದೇ ಸಾಧು ನಾಯಿ ಆಗಿರಬೇಕು. ದೊಡ್ಡವರು ಜೊತೆಗಿರಬೇಕು. ಹುಣ್ಣಿನ ಮೇಲೆ ಕೈ ಹಾಕಬಾರದು. ಒಂದು ಬಿಳಿ ಕಾಗದವನ್ನು ನಾಯಿಯ ಪಕ್ಕದಲ್ಲಿ ಇಡಿ. ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡದ ಕೂದಲನ್ನು ಬಾಚಿ ಕಾಗದದ ಮೇಲೆ ಕೊಡವಿ. ಕರಿಮೆಣಸಿನ ಪುಡಿಯಂತಹ ಕಪ್ಪು ಚುಕ್ಕೆಗಳು ಬಿದ್ದರೆ ಅವುಗಳ ಮೇಲೆ ಒಂದೆರಡು ಹನಿ ನೀರು ಹಾಕಿ. ಬರೀ ಮಣ್ಣಾದರೆ ಮಣ್ಣಿನ ಹಾಗೆ ಕದಡುತ್ತದೆ. ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಚಿಗಟ ಕುಡಿದು ಜೀರ್ಣಿಸಿದ ನಾಯಿಯ ರಕ್ತವೇ ಅಲ್ಲಿ ಕರಗುತ್ತಿರುವುದು. ಆಮೇಲೆ ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ.

ಆ ಹುಡುಗಿಗೂ ಇದನ್ನೇ ಹೇಳಿಕೊಟ್ಟೆ. ಮರುದಿನ ಅವಳು ಕಾಗದವನ್ನು ಮಡಚಿ ಪುಸ್ತಕದೊಳಗೆ ಇಟ್ಟು ತಂದಿದ್ದಳು. ಅಲ್ಲಲ್ಲಿ ತುಕ್ಕು ಬಣ್ಣದ ಕಲೆ! ಒಂದೂ ಚಿಗಟ ಕಾಣಲಿಲ್ಲ ಟೀಚರ್, ಕಲೆ ಮಾತ್ರ ಬಂತು ಅಂದಳು. ತುರಿಕೆ ಇರುವ ನಾಯಿ ತನ್ನ ಮೈಯನ್ನು ಕಚ್ಚಿ ಕಚ್ಚಿ ಚಿಗಟಗಳನ್ನು ನುಂಗಿಬಿಡುತ್ತದೆ. ಹಾಗಾಗಿ ಚಿಗಟ ಕಾಣದಿದ್ದರೆ ಚಿಗಟ ಇಲ್ಲ ಅಂತ ಅರ್ಥವಲ್ಲ.

ಎರಡನೇ ಪ್ರಶ್ನೆ: ಸೋಂಕು ಉಂಟೇ?

ನಾಯಿಯ ಚರ್ಮದ ಮೇಲೆ ಯಾವಾಗಲೂ ಕೆಲವು ಬ್ಯಾಕ್ಟೀರಿಯ, ಮಲಸೀಜಿಯ ಎಂಬ ಯೀಸ್ಟು ಇರುತ್ತವೆ. ಚರ್ಮ ಗಟ್ಟಿಯಾಗಿದ್ದರೆ ಅವುಗಳಿಂದ ತೊಂದರೆ ಇಲ್ಲ. ಮಳೆಗಾಲದಲ್ಲಿ ನಾಯಿ ದಿನವಿಡೀ ಒದ್ದೆ. ಕಾಲ್ಬೆರಳ ಸಂದು, ಕಂಕುಳು, ಜೋತುಬಿದ್ದ ಕಿವಿಯ ಒಳಗೆ ನೀರು ಒಣಗುವುದೇ ಇಲ್ಲ. ಅಂತಹ ಜಾಗದಲ್ಲಿ ಯೀಸ್ಟು ಹೆಚ್ಚಿ ಹುಳಿ ವಾಸನೆ ಬರುತ್ತದೆ, ಚರ್ಮ ಜಿಡ್ಡಾಗುತ್ತದೆ. ಬ್ಯಾಕ್ಟೀರಿಯ ಹೆಚ್ಚಿದರೆ ಕೀವು ತುಂಬಿದ ಗುಳ್ಳೆ, ಹಳದಿ ಹಕ್ಕಳೆ ಕಾಣುತ್ತದೆ. ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿ ಆಗಿರಬಹುದು. ಅದು ಹುಳದಿಂದ ಬರುವುದಲ್ಲ, ಶಿಲೀಂಧ್ರದಿಂದ ಬರುವುದು. ಮನುಷ್ಯರಿಗೂ ಅಂಟುತ್ತದೆ.

ಸೋಂಕು ಬಹಳ ಸಲ ತಾನಾಗಿ ಬಂದದ್ದಲ್ಲ, ಚಿಗಟವೋ ಅಲರ್ಜಿಯೋ ಬಾಗಿಲು ತೆರೆದ ಮೇಲೆ ಒಳಗೆ ಬಂದದ್ದು. ಹಾಗಾಗಿ ಸೋಂಕಿಗೆ ಮಾತ್ರ ಮದ್ದು ಕೊಟ್ಟರೆ ವಾಸಿಯಾದಂತೆ ಕಂಡು ಒಂದು ತಿಂಗಳಲ್ಲಿ ತಿರುಗಿ ಬರುತ್ತದೆ.

ಮೂರನೇ ಪ್ರಶ್ನೆ: ಈಗ ಅಲರ್ಜಿಯೇ?

ಅಲರ್ಜಿ ಅನ್ನುವ ಮಾತು ನಮ್ಮ ಬಾಯಲ್ಲಿ ದಿನಾ ಇರುತ್ತದೆ. ಅದರ ಕಥೆಯ ಆರಂಭದಲ್ಲೇ ಒಂದು ನಾಯಿ ಉಂಟು ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ.

1901ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ, ಮೊನಾಕೊ ದೇಶದ ರಾಜನ ಹಡಗಿನಲ್ಲಿ ಕುಳಿತು ಜೆಲ್ಲಿ ಮೀನಿನ ಸಂಬಂಧಿಯಾದ ಒಂದು ಕಡಲ ಜೀವಿಯ ವಿಷವನ್ನು ಅಭ್ಯಾಸ ಮಾಡಿದರು. ಊರಿಗೆ ಮರಳಿದ ಮೇಲೆ ಸಮುದ್ರ ಹೂವು ಎಂಬ ಪ್ರಾಣಿಯ ವಿಷವನ್ನು ನಾಯಿಗಳಿಗೆ ಸ್ವಲ್ಪ ಸ್ವಲ್ಪ ಚುಚ್ಚಿದರು. ಒಂದು ಸಲ ಚುಚ್ಚಿದರೆ ನಾಯಿಗೆ ಆ ವಿಷವನ್ನು ತಡೆಯುವ ಶಕ್ತಿ ಬರುತ್ತದೆ ಅಂತ ಅವರ ನಿರೀಕ್ಷೆ. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿ ಮೊದಲ ಚುಚ್ಚುಮದ್ದಿಗೆ ಏನೂ ಆಗದೆ ಇತ್ತು. ಕೆಲವು ವಾರ ಬಿಟ್ಟು 1902ರಲ್ಲಿ ಪುನಃ ಸ್ವಲ್ಪ ವಿಷ ಕೊಟ್ಟಾಗ ಅದು ಉಸಿರಾಡಲಾಗದೆ ಅರ್ಧ ಗಂಟೆಯೊಳಗೆ ಸತ್ತುಹೋಯಿತು. ರಕ್ಷಣೆ ಬರುವ ಬದಲು ಅದರ ದೇಹ ವಿಪರೀತ ಸೂಕ್ಷ್ಮವಾಗಿತ್ತು. ಈ ಸ್ಥಿತಿಗೆ ರಿಷೆ ಅನಾಫಿಲಾಕ್ಸಿಸ್ ಅಂತ ಹೆಸರಿಟ್ಟ. 1913ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ಇವತ್ತು ಜೇನುನೊಣ ಕಚ್ಚಿ, ಔಷಧಿ ಒಗ್ಗದೆ ಪ್ರಾಣಕ್ಕೆ ಅಪಾಯವಾದವರನ್ನು ವೈದ್ಯರು ಉಳಿಸುವುದರ ಹಿಂದೆ ಆ ನಾಯಿಯ ಸಾವೂ ಉಂಟು.

ಅಲರ್ಜಿ ಎಂಬ ಪದವನ್ನು ಮಾಡಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, 1906ರಲ್ಲಿ. ಗ್ರೀಕ್ ಭಾಷೆಯ "ಬೇರೆ" ಮತ್ತು "ಕೆಲಸ" ಎಂಬ ಎರಡು ಪದಗಳನ್ನು ಸೇರಿಸಿದ. ದೇಹ ಬೇರೆಯೇ ರೀತಿಯಲ್ಲಿ ಪ್ರತಿಕ್ರಿಯಿಸುವುದು ಅಂತ ಅರ್ಥ. ಇದರ ಹಿಂದಿರುವ ಪ್ರತಿಕಾಯವನ್ನು, ಅಂದರೆ ಇಮ್ಯುನೊಗ್ಲಾಬ್ಯುಲಿನ್ ಇ ಎಂಬುದನ್ನು, 1966ರಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ದಂಪತಿ ಕಿಮಿಷಿಗೆ ಮತ್ತು ತೆರುಕೊ ಇಶಿಝಾಕಾ ಗುರುತಿಸಿದರು.

ನಡೆಯುವುದು ಇಷ್ಟು. ರೋಗಾಣು ಬಂದರೆ ಹೋರಾಡಲು ದೇಹದಲ್ಲಿ ಕಾವಲುಗಾರರಿದ್ದಾರೆ. ಅವರು ಒಮ್ಮೊಮ್ಮೆ ನಿರಪಾಯದ ವಸ್ತುವನ್ನೂ ಕಳ್ಳ ಅಂತ ತಪ್ಪಾಗಿ ತಿಳಿಯುತ್ತಾರೆ. ಮೊದಲ ಸಲ ಗುರುತು ಹಾಕಿಕೊಳ್ಳುತ್ತಾರೆ. ಮುಂದಿನ ಸಲ ಅದೇ ವಸ್ತು ಬಂದಾಗ ದೊಡ್ಡ ಗಲಾಟೆ ಎಬ್ಬಿಸುತ್ತಾರೆ. ಈ ಗಲಾಟೆಯಿಂದ ಚರ್ಮ ಕೆಂಪಾಗಿ, ಬಾತು, ತುರಿಸುತ್ತದೆ. ಅಲರ್ಜಿ ಅಂದರೆ ಶಕ್ತಿ ಕಡಿಮೆಯಾದದ್ದಲ್ಲ, ಶಕ್ತಿ ತಪ್ಪು ಜಾಗದಲ್ಲಿ ಖರ್ಚಾದದ್ದು. ಇನ್ನೊಂದು ವಿಷಯ, ಅಲರ್ಜಿ ಇರುವ ಮನುಷ್ಯರಿಗೆ ಹೆಚ್ಚಾಗಿ ಸೀನು, ಮೂಗಿನಲ್ಲಿ ನೀರು. ನಾಯಿಗೆ ಅದೇ ಅಲರ್ಜಿ ಹೆಚ್ಚಾಗಿ ಚರ್ಮದಲ್ಲಿ ಕಾಣುತ್ತದೆ.

ನಾಯಿಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಅಲರ್ಜಿ ಉಂಟು.

1. ಚಿಗಟದ ಅಲರ್ಜಿ. ಕಚ್ಚುವಾಗ ಚಿಗಟ ತನ್ನ ಜೊಲ್ಲನ್ನು ಚರ್ಮಕ್ಕೆ ಬಿಡುತ್ತದೆ. ಆ ಜೊಲ್ಲಿಗೆ ಅಲರ್ಜಿ ಆದ ನಾಯಿಗೆ ಚಿಗಟದ ಹಿಂಡೇ ಬೇಕಾಗಿಲ್ಲ, ಬೆರಳೆಣಿಕೆಯಷ್ಟು ಕಚ್ಚಿದರೂ ದಿನಗಟ್ಟಲೆ ತುರಿಕೆ. ಸೊಂಟ, ಬಾಲದ ಬುಡ, ಹಿಂತೊಡೆ ಇದರ ಜಾಗ.

2. ಆಹಾರದ ಅಲರ್ಜಿ. ಜನ ಇದನ್ನೇ ಮೊದಲು ಹೇಳುತ್ತಾರೆ, ಆದರೆ ಇದು ಮೊದಲನೆಯದಕ್ಕಿಂತ ಕಡಿಮೆ. ಆಹಾರದ ಅಲರ್ಜಿ ಖಚಿತವಾದ 297 ನಾಯಿಗಳ ವಿವರಗಳನ್ನು ಒಟ್ಟು ಸೇರಿಸಿ 2016ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ದನದ ಮಾಂಸ ನೂರಕ್ಕೆ 34, ಹಾಲಿನ ಪದಾರ್ಥ 17, ಕೋಳಿ 15, ಗೋಧಿ 13 ನಾಯಿಗಳಿಗೆ ಕಾರಣವಾಗಿತ್ತು. ಮೀನು ಪಟ್ಟಿಯಲ್ಲಿ ತೀರ ಕೆಳಗೆ. ಬೊಳ್ಳುವಿನ ಬೂತಾಯಿಯ ಮೇಲೆ ಸುಮ್ಮನೆ ಅಪವಾದ ಬಂದಿತ್ತು! ಇದನ್ನು ಪತ್ತೆ ಮಾಡುವ ನಂಬಿಕೆಯ ದಾರಿ ಒಂದೇ. ನಾಯಿ ಹಿಂದೆ ತಿನ್ನದ ಆಹಾರವನ್ನು ಮಾತ್ರ, ವೈದ್ಯರು ಹೇಳಿದ ಹಾಗೆ, ಸುಮಾರು 8 ವಾರ ಕೊಡಬೇಕು. ತುರಿಕೆ ಇಳಿದರೆ ಹಳೆಯ ಆಹಾರವನ್ನು ತಿರುಗಿ ಕೊಟ್ಟು ನೋಡಬೇಕು. ಆಗ ತುರಿಕೆ ಮರಳಿದರೆ ಮಾತ್ರ ಅಲರ್ಜಿ ಅಂತ ತೀರ್ಮಾನ. ನಡುವೆ ಒಂದು ಬಿಸ್ಕತ್ತು ಹಾಕಿದರೂ ಪ್ರಯೋಗ ಕೆಟ್ಟಿತು.

3. ಸುತ್ತಲಿನ ವಸ್ತುಗಳ ಅಲರ್ಜಿ. ಮನೆಯ ಧೂಳಿನ ನುಸಿ, ಹುಲ್ಲಿನ ಪರಾಗ, ಬೂಷ್ಟು ಇವುಗಳಿಂದ. ಧೂಳಿನ ನುಸಿಗೆ ತೇವದ ಹವೆ ಇಷ್ಟ. ಹೆಚ್ಚಾಗಿ 6 ತಿಂಗಳಿಂದ 3 ವರ್ಷದೊಳಗೆ ಶುರುವಾಗುತ್ತದೆ. ಪಾದ ನೆಕ್ಕುವುದು, ಮುಖ ಉಜ್ಜುವುದು, ಕಿವಿ ಕೆರೆಯುವುದು ಲಕ್ಷಣ. ಕೆಲವು ತಳಿಗಳಲ್ಲಿ ವಂಶದಿಂದ ಬರುತ್ತದೆ. ಇದನ್ನು ಪೂರ್ತಿ ಗುಣ ಮಾಡುವುದಕ್ಕಿಂತ ಹತೋಟಿಯಲ್ಲಿ ಇಡುವುದೇ ಹೆಚ್ಚು.

ಇವಲ್ಲದೆ ಅಲರ್ಜಿ ಅಲ್ಲದ ಬರೀ ಉರಿಯೂ ಉಂಟು. ನೆಲಕ್ಕೆ ಹಾಕಿದ ಫಿನಾಯಿಲು, ಬ್ಲೀಚಿಂಗ್ ಪೌಡರು, ಹಸಿ ಸಿಮೆಂಟು ತಾಗಿದರೆ ಕೂದಲು ಕಡಿಮೆ ಇರುವ ಹೊಟ್ಟೆ ಮತ್ತು ಪಾದ ಕೆಂಪಾಗುತ್ತದೆ. ತೊಳೆದು, ಆ ವಸ್ತುವಿನಿಂದ ದೂರ ಇಟ್ಟರೆ ಇಳಿಯುತ್ತದೆ.

ಒಂದೇ ನಾಯಿಗೆ ಎರಡು ಮೂರು ಕಾರಣ ಒಟ್ಟಿಗೆ ಇರಬಹುದು. ಬಚ್ಚಲಿನ ಹಂಡೆಯನ್ನು ನೆನೆಯಿರಿ. ಧೂಳಿನ ಅಲರ್ಜಿ ಅರ್ಧ ತುಂಬಿಸಿತು, ಯೀಸ್ಟು ಸ್ವಲ್ಪ ಸೇರಿಸಿತು, ಚಿಗಟ ಬಂದ ಕೂಡಲೇ ಹಂಡೆ ತುಂಬಿ ಚೆಲ್ಲಿತು. ಚೆಲ್ಲಿದಾಗಲೇ ನಮಗೆ ಕಾಣುವುದು. ಹಾಗಾಗಿ ಸುಲಭವಾಗಿ ತೆಗೆಯಬಹುದಾದ ಚಿಗಟವನ್ನು ತೆಗೆದರೂ ನಾಯಿಗೆ ಎಷ್ಟೋ ಹಾಯೆನಿಸುತ್ತದೆ.

ಮಾಡಬಾರದ್ದು

ಕರಿ ಆಯಿಲ್, ಸೀಮೆಎಣ್ಣೆ ಹಚ್ಚಬೇಡಿ. ಚರ್ಮ ಸುಡುತ್ತದೆ. ನಾಯಿ ನೆಕ್ಕಿದರೆ ವಿಷ ಹೊಟ್ಟೆಗೆ ಹೋಗುತ್ತದೆ. ಉಣ್ಣಿಯನ್ನು ಬೆಂಕಿಕಡ್ಡಿಯಿಂದ ಸುಡುವುದೂ ಬೇಡ, ಬೆರಳಲ್ಲಿ ಜಜ್ಜುವುದೂ ಬೇಡ. ದೊಡ್ಡವರು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಬೇಕು.

ದನಕ್ಕೆ ಬಳಸುವ, ತೋಟಕ್ಕೆ ಸಿಂಪಡಿಸುವ ಮದ್ದನ್ನು ನಾಯಿಗೆ ಹಾಕಬೇಡಿ. ಪ್ರಮಾಣ ತಪ್ಪಿದರೆ ಪ್ರಾಣವೇ ಹೋಗಬಹುದು. ನಾಯಿಗೆ ಹಚ್ಚುವ ಕೆಲವು ಚಿಗಟದ ಮದ್ದುಗಳಲ್ಲಿ ಪರ್ಮೆತ್ರಿನ್ ಇರುತ್ತದೆ. ಅದನ್ನು ಬೆಕ್ಕಿಗೆ ಹಚ್ಚಿದರೆ ಬೆಕ್ಕು ಸಾಯಬಹುದು.

ಮನೆಯಲ್ಲಿರುವ ಅಲರ್ಜಿ ಮಾತ್ರೆ, ನೋವಿನ ಮಾತ್ರೆ ಕೊಡಬೇಡಿ. ಮನುಷ್ಯರ ಅಲರ್ಜಿ ಮಾತ್ರೆ ತಡೆಯುವುದು ಹಿಸ್ಟಮಿನ್ ಎಂಬ ರಾಸಾಯನಿಕವನ್ನು. ನಾಯಿಯ ತುರಿಕೆಯಲ್ಲಿ ಇಂಟರ್‌ಲ್ಯೂಕಿನ್-31 ಎಂಬ ಬೇರೊಂದರ ಪಾತ್ರ ದೊಡ್ಡದು. ಆದ್ದರಿಂದ ನಮ್ಮ ಮಾತ್ರೆಯಿಂದ ಅದಕ್ಕೆ ಹೆಚ್ಚಾಗಿ ಅಷ್ಟು ಉಪಯೋಗವಿಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಅಂತೂ ನಾಯಿಗೆ ಅಪಾಯ.

ಇನ್ನು ಮುಖ್ಯವಾದ ಮಾತು. ಬೀದಿಯಲ್ಲಿ ಕೂದಲು ಉದುರಿದ ನಾಯಿ ಕಂಡರೆ ಅದು ಹುಚ್ಚುನಾಯಿ ಅಂತ ಕಲ್ಲು ಹೊಡೆಯಬೇಡಿ. ಕಜ್ಜಿ ಬೇರೆ, ರೇಬಿಸ್ ಬೇರೆ. ಹಾಗಂತ ಹತ್ತಿರ ಹೋಗಿ ಮುಟ್ಟಲೂ ಬೇಡಿ. ನೋವಿರುವ ನಾಯಿ ಹೆದರಿ ಕಚ್ಚಬಹುದು. ಮನೆಯ ನಾಯಿಯೇ ಆಗಲಿ, ಬೀದಿಯದೇ ಆಗಲಿ, ಕಚ್ಚಿದರೆ ಅಥವಾ ಪರಚಿದರೆ ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಮನೆಯವರಿಗೆ ಹೇಳಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೈತಾರೆ ಅಂತ ಮುಚ್ಚಿಡಬೇಡಿ.

ಮಾಡಬೇಕಾದದ್ದು

ನಾಯಿಯನ್ನು ಸರಕಾರಿ ಮೃಗಾಸ್ಪತ್ರೆಗೆ ತೋರಿಸಿ. ಹೋಗುವ ಮೊದಲು ಒಂದು ಪುಟದಲ್ಲಿ ಇಷ್ಟು ಬರೆದುಕೊಳ್ಳಿ: ತುರಿಕೆ ಯಾವಾಗ ಶುರುವಾಯಿತು, ಮೈಯ ಯಾವ ಭಾಗದಲ್ಲಿ, ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುತ್ತದೆಯೇ, ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವ ಸಾಬೂನು, ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಉಂಟೇ. ನಾಯಿಗೆ ಮಾತು ಬರುವುದಿಲ್ಲ. ಅದರ ಪರವಾಗಿ ಹೇಳಬೇಕಾದವರು ನೀವೇ.

ಚಿಗಟದ ಮದ್ದು ಕೊಟ್ಟರೆ ನಾಯಿಗೆ ಮಾತ್ರವಲ್ಲ, ನೆಲಕ್ಕೂ ಕೆಲಸ ಉಂಟು. ಗೋಣಿಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಮೂಲೆ ಮೂಲೆ ಗುಡಿಸಬೇಕು. ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ವೈದ್ಯರು ಹೇಳಿದ, ಅವುಗಳಿಗೇ ಆದ ಮದ್ದು ಆಗಬೇಕು. ಕೋಶದೊಳಗಿರುವ ಚಿಗಟಕ್ಕೆ ಮದ್ದು ತಾಗುವುದಿಲ್ಲ. ಹಾಗಾಗಿ ಇನ್ನೂ ಕೆಲವು ವಾರ ಹೊಸ ಚಿಗಟಗಳು ಹೊರಬರುತ್ತಲೇ ಇರುತ್ತವೆ. ಮದ್ದು ನಾಟಲಿಲ್ಲ ಅಂತ ಆಗಲೇ ಬಿಡಬಾರದು.

ಬೊಳ್ಳು ಏನಾಯಿತು?

ಆ ಕಾಗದವನ್ನು ಹುಡುಗಿ ಅಪ್ಪನಿಗೂ ತೋರಿಸಿದಳು. ನಾಯಿಯ ರಕ್ತ ಅಂತ ಗೊತ್ತಾದಾಗ ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರಂತೆ. ಆದಿತ್ಯವಾರ ಬೊಳ್ಳು ತಲಪಾಡಿಗೆ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಆಟೋದಲ್ಲಿ ಮೃಗಾಸ್ಪತ್ರೆಗೆ ಹೋಯಿತು. ಚಿಗಟದ ಅಲರ್ಜಿ, ಮೇಲಿಂದ ಬ್ಯಾಕ್ಟೀರಿಯದ ಸೋಂಕು ಅಂತ ವೈದ್ಯರು ಹೇಳಿದರು. ಮಗುವಿನ ಬಗ್ಗೆ ಅಪ್ಪ ಕೇಳಿದರು. ಅಲರ್ಜಿ ಯಾರಿಗೂ ಅಂಟುವುದಿಲ್ಲ, ಆದರೆ ಚಿಗಟ ಮಗುವನ್ನೂ ಕಚ್ಚಬಹುದು, ಆದ್ದರಿಂದ ಮನೆಯನ್ನೂ ಚೊಕ್ಕ ಮಾಡಿ ಅಂತ ಉತ್ತರ ಸಿಕ್ಕಿತು. ಮೀನು ತಿರುಗಿ ಕೊಡಬಹುದು ಅಂದರು.

ಒಂದು ವಾರದಲ್ಲಿ ವಾಸಿಯಾಗಲಿಲ್ಲ. ಮೂರನೇ ವಾರವೂ ಕೆರೆಯುತ್ತಿತ್ತು. ಹುಡುಗಿ ಪ್ರತಿ ಆದಿತ್ಯವಾರ ಕಾಗದದ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆದಿಟ್ಟಳು. ಕಲೆಗಳ ಸಂಖ್ಯೆ ವಾರ ವಾರ ಇಳಿಯುತ್ತಿದ್ದುದರಿಂದ ಮನೆಯವರಿಗೂ ಧೈರ್ಯ ಬಂತು. ಓಣಂ ರಜೆ ಮುಗಿಸಿ ಬಂದಾಗ ಅವಳ ಪುಸ್ತಕದಲ್ಲಿ "0" ಅಂತ ಬರೆದಿತ್ತು. ಬೊಳ್ಳುವಿನ ಬೆನ್ನಿನಲ್ಲಿ ಸಣ್ಣ ಸಣ್ಣ ಬಿಳಿ ಕೂದಲು ಚಿಗುರಿತ್ತು.

ಈಗಲೂ ಮಳೆ ಜೋರಾದರೆ ಬೊಳ್ಳು ಕಿವಿ ಕೆರೆಯುತ್ತದಂತೆ. ಇದು ಯೀಸ್ಟೋ, ಧೂಳಿನ ಅಲರ್ಜಿಯೋ ಇನ್ನೂ ತೀರ್ಮಾನ ಆಗಿಲ್ಲ. ವೈದ್ಯರು ಮುಂದಿನ ಮಳೆಗಾಲದವರೆಗೂ ಬರೆದಿಡಲು ಹೇಳಿದ್ದಾರೆ. ಹುಡುಗಿ ಹೊಸ ಪುಸ್ತಕ ತೆಗೆದುಕೊಂಡಿದ್ದಾಳೆ.

ಯೋಚಿಸಿ, ಬರೆಯಿರಿ

1. ಚಿಗಟ ಮತ್ತು ಉಣ್ಣಿಗೆ ಇರುವ ಮೂರು ವ್ಯತ್ಯಾಸಗಳನ್ನು ಬರೆಯಿರಿ.
2. ಮೀನು ನಿಲ್ಲಿಸಿದ ಒಂದು ತಿಂಗಳಲ್ಲಿ ಬೊಳ್ಳುವಿನ ಮನೆಯವರು ಮಾಡಿದ ಪ್ರಯೋಗದಲ್ಲಿ ಯಾವ ಕೊರತೆಗಳಿದ್ದವು?
3. ಆಹಾರದ ಅಲರ್ಜಿಯ ಪರೀಕ್ಷೆಯಲ್ಲಿ ಹಳೆಯ ಆಹಾರವನ್ನು ತಿರುಗಿ ಕೊಟ್ಟು ನೋಡುವುದು ಯಾಕೆ?
4. ಒಂದು ನಾಯಿ ಪಾದವನ್ನೇ ನೆಕ್ಕುತ್ತದೆ, ಇನ್ನೊಂದು ಬಾಲದ ಬುಡವನ್ನೇ ಕಚ್ಚುತ್ತದೆ, ಮೂರನೆಯದರ ಕಿವಿಯ ಅಂಚಿನಲ್ಲಿ ಹಕ್ಕಳೆ. ಪ್ರತಿಯೊಂದಕ್ಕೂ ನಿಮ್ಮ ಮೊದಲ ಅನುಮಾನ ಯಾವುದು? ಅದನ್ನು ಖಚಿತ ಮಾಡಲು ಏನು ನೋಡುತ್ತೀರಿ?
5. ನಿಮ್ಮ ಮನೆಯ ಅಥವಾ ನೆರೆಮನೆಯ ಸಾಕುನಾಯಿಯನ್ನು ದೂರದಿಂದ 15 ನಿಮಿಷ ಗಮನಿಸಿ. ಎಷ್ಟು ಸಲ, ಎಲ್ಲಿ ಕೆರೆದುಕೊಂಡಿತು ಅಂತ ಒಂದು ಕೋಷ್ಟಕ ಮಾಡಿ. ಒಂದು ವಾರ ಇದನ್ನು ಮುಂದುವರಿಸಿ, ನಿಮ್ಮ ವಿಜ್ಞಾನ ಅಧ್ಯಾಪಕರಿಗೆ ತೋರಿಸಿ.